ಇಪ್ಪತ್ತಾರು ಅಂಕಿಯ ಉತ್ತರ: ಶಕುಂತಲಾದೇವಿಯವರ ಗುಣಾಕಾರವನ್ನು ಪೆನ್ಸಿಲ್ಲಿನಲ್ಲೇ ಪರೀಕ್ಷಿಸೋಣ

ಮೊದಲು ಈ ಸಂಖ್ಯೆಯನ್ನು ಒಮ್ಮೆ ನೋಡಿ:

18,947,668,177,995,426,462,773,730

ಒಟ್ಟು 26 ಅಂಕಿ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮ ಶಕುಂತಲಾದೇವಿಯವರು ಬಾಯಲ್ಲೇ ಹೇಳಿದ ಉತ್ತರ ಇದು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಯಾದೃಚ್ಛಿಕವಾಗಿ ಆರಿಸಿದ ಎರಡು ಸಂಖ್ಯೆಗಳನ್ನು ಅವರ ಮುಂದಿಟ್ಟರು. ಎರಡೂ 13 ಅಂಕಿಯವು:

7,686,369,774,870 × 2,465,099,745,779

ಉತ್ತರ 28 ಸೆಕೆಂಡುಗಳಲ್ಲಿ ಬಂತು. 1982ರ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಇದು ಸೇರಿತು. 1929ರ ನವೆಂಬರ್ 4ರಂದು ಬೆಂಗಳೂರಿನ ಕನ್ನಡ ಕುಟುಂಬವೊಂದರಲ್ಲಿ ಹುಟ್ಟಿದ ಅವರ ತಂದೆ ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರು. 2013ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಗಿನ್ನೆಸ್ ಪ್ರಮಾಣಪತ್ರ ಅವರ ಹೆಸರಿಗೆ ಬಂದದ್ದು 2020ರಲ್ಲಿ.

ಈ ಕಥೆಯನ್ನು ನಾವೆಲ್ಲ ಗಣಿತ ದಿನದಂದು ಮಕ್ಕಳಿಗೆ ಹೇಳುತ್ತೇವೆ. ಮಕ್ಕಳು ಬಾಯಿಬಿಟ್ಟು ಕೇಳುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ, ಆಮೇಲೆ "ಅವರಿಗೆ ದೇವರು ಕೊಟ್ಟದ್ದು, ನಮಗೆಲ್ಲಿ ಬರುತ್ತೆ" ಅಂತ ಪುಸ್ತಕ ಮುಚ್ಚುತ್ತಾರೆ. ಬೈನಾ, ಜುವಾರಿನಗರ, ಮಾಪುಸಾ ಕಡೆಯ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಲೆಕ್ಕ ಅಂದರೆ ಮೊದಲೇ ಹೆದರಿಕೆ ಇರುವವರಿಗೆ ಈ ಕಥೆ ಹೆದರಿಕೆಯನ್ನೇ ಹೆಚ್ಚಿಸಿದರೆ ನಾವು ಹೇಳಿ ಏನು ಪ್ರಯೋಜನ? ಅದಕ್ಕೇ ಈ ಸಲ ಅದನ್ನು ಬೇರೆ ರೀತಿ ಹೇಳೋಣ. 28 ಸೆಕೆಂಡಿನಲ್ಲಿ ಗುಣಿಸುವುದು ನಮಗೆ ಆಗದಿರಬಹುದು. ಆದರೆ ಆ ಉತ್ತರ ಸರಿಯೋ ತಪ್ಪೋ ಎಂದು ಪರೀಕ್ಷಿಸುವುದು ಎಂಟನೇ ತರಗತಿಯ ಮಗುವಿಗೂ ಆಗುತ್ತದೆ.

ಎಷ್ಟು ದೊಡ್ಡದು?

ಮೊದಲು ಈ ಸಂಖ್ಯೆಗೊಂದು ಹೆಸರು ಕೊಡೋಣ. ನಮ್ಮ ಕೋಟಿಯ ಲೆಕ್ಕದಲ್ಲಿ ಇದು ಸುಮಾರು 18,947 ಕೋಟಿ ಕೋಟಿ ಕೋಟಿ. ಮೂರು ಸಲ ಕೋಟಿ ಅನ್ನಬೇಕು, ಏಕೆಂದರೆ ಕೋಟಿಗೆ ಏಳು ಸೊನ್ನೆ, ಮೂರೇಳಲಿ 21, ಉಳಿದ ಐದು ಅಂಕಿ ಮುಂದೆ ನಿಲ್ಲುತ್ತವೆ.

ಇದಕ್ಕಿಂತ ಚೆಂದದ ಹೆಸರು ನಮ್ಮ ನಾಡಿನಲ್ಲೇ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. (ಆಗ ನಾವಿರುವ ಈ ಗೋವಾ ಭಾಗವನ್ನು ಆಳುತ್ತಿದ್ದ ದಕ್ಷಿಣ ಕೊಂಕಣದ ಶಿಲಾಹಾರರೂ ರಾಷ್ಟ್ರಕೂಟರ ಸಾಮಂತರೇ.) ಅವರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ: ಏಕ, ದಶ, ಶತ, ಸಹಸ್ರ ಎಂದು ಶುರುವಾಗಿ ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ, ಕ್ಷೋಭ ದಾಟಿ ಕೊನೆಗೆ ಮಹಾಕ್ಷೋಭ. ಮಹಾಕ್ಷೋಭ ಎಂದರೆ 1ರ ಮುಂದೆ 23 ಸೊನ್ನೆ. ಹಾಗಾಗಿ ಶಕುಂತಲಾದೇವಿಯವರ ಉತ್ತರ 189 ಮಹಾಕ್ಷೋಭ ಮತ್ತು ಇನ್ನಷ್ಟು. ಸಾವಿರದ ನೂರೈವತ್ತು ವರ್ಷದ ಹಿಂದಿನ ಪಟ್ಟಿಗಿಂತ ಇದು ಎರಡೇ ಸ್ಥಾನ ಉದ್ದ!

ವಿಜ್ಞಾನದ ಪಾಠಕ್ಕೂ ಇದನ್ನು ಜೋಡಿಸಬಹುದು. 18 ಗ್ರಾಂ ನೀರಿನಲ್ಲಿ ಸುಮಾರು 6.022 × 10²³ ಅಣುಗಳಿವೆ. ನಮ್ಮ ಸಂಖ್ಯೆಯನ್ನು ಅದರಿಂದ ಭಾಗಿಸಿ, 18ರಿಂದ ಗುಣಿಸಿ. ಸುಮಾರು 566 ಗ್ರಾಂ ಬರುತ್ತದೆ. ಅಂದರೆ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರು. ಮಗು ಚೀಲದಲ್ಲಿ ತರುವ ನೀರಿನ ಬಾಟಲಿಯಲ್ಲಿ ಇಷ್ಟು ಅಣುಗಳು ಇದ್ದೇ ಇರುತ್ತವೆ. ಅದೇ ಅಣುಗಳನ್ನು ಸೆಕೆಂಡಿಗೊಂದರಂತೆ ಎಣಿಸಲು ಕೂತರೆ, ವಿಶ್ವದ ಈವರೆಗಿನ ವಯಸ್ಸಿನ ಸುಮಾರು 4 ಕೋಟಿ ಪಟ್ಟು ಸಮಯ ಬೇಕು.

ಮೊಬೈಲು ಏನು ಹೇಳುತ್ತದೆ?

"ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದರಾಯಿತು" ಎನ್ನುವ ಮಕ್ಕಳಿಗೆ ಒತ್ತಲು ಬಿಡಿ. ಸಾಮಾನ್ಯ ಕ್ಯಾಲ್ಕುಲೇಟರು 1.8947668178 ಎಂದು ತೋರಿಸಿ ಪಕ್ಕದಲ್ಲಿ 'ಇ 25' ಎಂದು ಬರೆದು ಸುಮ್ಮನಾಗುತ್ತದೆ. ಉಳಿದ ಅಂಕಿಗಳು ಎಲ್ಲಿ? ಅದರ ಪರದೆಯಲ್ಲಿ ಜಾಗವಿಲ್ಲ. ಎಕ್ಸೆಲ್ ಹಾಳೆಯೂ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮುಂದಿನ 11 ಸ್ಥಾನಗಳಿಗೆ ಸೊನ್ನೆ ತುಂಬುತ್ತದೆ. ಇದು ನಮ್ಮ ಕಚೇರಿ ಕೆಲಸಕ್ಕೂ ಸಂಬಂಧಪಟ್ಟ ವಿಷಯ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯನ್ನು ಆ ಹಾಳೆಯಲ್ಲಿ ಬರೀ ಸಂಖ್ಯೆ ಎಂದು ತುಂಬಿದರೆ ಕೊನೆಯ ಅಂಕಿ ಸೊನ್ನೆಯಾಗಿಬಿಡುತ್ತದೆ. ವಿದ್ಯಾರ್ಥಿವೇತನದ ಪಟ್ಟಿ ಮಾಡುವವರು ಆ ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಕೊಳ್ಳಬೇಕಾದ ಕಾರಣ ಇದೇ.

ಒಂಬತ್ತರ ಪರೀಕ್ಷೆ

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡುತ್ತಾ ಒಂದೇ ಅಂಕಿಗೆ ಇಳಿಸಿದರೆ, ಆ ಸಂಖ್ಯೆಯನ್ನು 9ರಿಂದ ಭಾಗಿಸಿದಾಗಿನ ಶೇಷ ಸಿಗುತ್ತದೆ (9 ಬಂದರೆ ಶೇಷ ಸೊನ್ನೆ). ಕಾರಣ ಸುಲಭ: 10 ಎಂದರೆ 9 + 1, 100 ಎಂದರೆ 99 + 1, 1000 ಎಂದರೆ 999 + 1. ಒಂಬತ್ತುಗಳನ್ನೆಲ್ಲ ತೆಗೆದುಹಾಕಿದರೆ ಪ್ರತಿ ಸ್ಥಾನದಲ್ಲೂ ಉಳಿಯುವುದು ಬರೀ ಆ ಅಂಕಿ.

ಮೊದಲ ಸಂಖ್ಯೆ: ಅಂಕಿಗಳ ಮೊತ್ತ 78, ಅದು 15, ಅದು 6.
ಎರಡನೆಯದು: ಮೊತ್ತ 74, ಅದು 11, ಅದು 2.
6 × 2 = 12, ಅದು 3.

ಉತ್ತರವನ್ನು ನೋಡಿ: 26 ಅಂಕಿಗಳ ಮೊತ್ತ 138, ಅದು 12, ಅದು 3. ಹೊಂದಿತು!

ಆದರೆ ಇಷ್ಟಕ್ಕೇ ಖುಷಿಪಡಬೇಡಿ. ಯದ್ವಾತದ್ವಾ ಬರೆದ ಉತ್ತರ ಕೂಡ ಒಂಬತ್ತರಲ್ಲಿ ಒಂದು ಸಲ ಈ ಪರೀಕ್ಷೆ ಪಾಸಾಗುತ್ತದೆ. ಇನ್ನೊಂದು ದೊಡ್ಡ ಕೊರತೆಯೂ ಇದೆ. ಬರೆಯುವಾಗ ಎರಡು ಅಂಕಿ ಅದಲು ಬದಲಾದರೆ ಮೊತ್ತ ಬದಲಾಗುವುದೇ ಇಲ್ಲ. ನಮ್ಮ ಸಂಖ್ಯೆಯ ಕೊನೆಯ 773,730 ಎಂಬುದು ಯಾರದೋ ಕೈಯಲ್ಲಿ 737,730 ಆಯಿತು ಎಂದುಕೊಳ್ಳಿ. ಒಂಬತ್ತರ ಪರೀಕ್ಷೆಗೆ ಅದು ಕಾಣುವುದಿಲ್ಲ.

ಹನ್ನೊಂದರ ಪರೀಕ್ಷೆ

ಆ ತಪ್ಪನ್ನು ಹಿಡಿಯಲು 11 ಬೇಕು. 10 ಎಂದರೆ 11 − 1, 100 ಎಂದರೆ 99 + 1, 1000 ಎಂದರೆ 1001 − 1. ಹೀಗೆ ಸ್ಥಾನಗಳಿಗೆ ಒಮ್ಮೆ ಕೂಡು, ಒಮ್ಮೆ ಕಳೆ ಎಂಬ ಗುರುತು ಬರುತ್ತದೆ. ಬಲದಿಂದ ಶುರುಮಾಡಿ ಬೆಸ ಸ್ಥಾನದ ಅಂಕಿಗಳನ್ನು ಒಂದು ಕಡೆ, ಸಮ ಸ್ಥಾನದವನ್ನು ಇನ್ನೊಂದು ಕಡೆ ಕೂಡಿ, ವ್ಯತ್ಯಾಸ ತೆಗೆಯಿರಿ.

ಮೊದಲ ಸಂಖ್ಯೆ: 42 − 36 = 6.
ಎರಡನೆಯದು: 37 − 37 = 0.

ಎರಡನೆಯದು 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದಾಯಿತು. ಹಾಗಿದ್ದರೆ ಗುಣಲಬ್ಧವೂ ಭಾಗವಾಗಲೇಬೇಕು. 26 ಅಂಕಿಗಳನ್ನು ಎರಡು ಸಾಲು ಮಾಡಿ ಕೂಡಿ ನೋಡಿ: ಬೆಸ ಸ್ಥಾನಗಳ ಮೊತ್ತ 69, ಸಮ ಸ್ಥಾನಗಳ ಮೊತ್ತವೂ 69. ವ್ಯತ್ಯಾಸ ಸೊನ್ನೆ!

ಅದಲು ಬದಲಾದ 737,730ರ ಸಂಖ್ಯೆಯಲ್ಲಿ ಇದೇ ಲೆಕ್ಕ ಮಾಡಿದರೆ 65 ಮತ್ತು 73 ಬರುತ್ತದೆ. ವ್ಯತ್ಯಾಸ 8. ಕಳ್ಳ ಸಿಕ್ಕಿಬಿದ್ದ. ಪಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲು ಬದಲಾದರೆ ಹನ್ನೊಂದರ ಪರೀಕ್ಷೆ ಅದನ್ನು ಎಂದೂ ಬಿಡುವುದಿಲ್ಲ. ಹಳೆಯ ಹತ್ತು ಅಂಕಿಯ ಐಎಸ್‌ಬಿಎನ್ ಸಂಖ್ಯೆಗಳಲ್ಲಿ ಕೊನೆಯ ಅಂಕಿಯನ್ನು 11ರ ಲೆಕ್ಕದಿಂದಲೇ ಇಡುತ್ತಿದ್ದರು. ಶೇಷ 10 ಬಂದಾಗ ಒಂದೇ ಅಕ್ಷರದಲ್ಲಿ ಬರೆಯಲು ರೋಮನ್ 'ಎಕ್ಸ್' ಹಾಕುತ್ತಿದ್ದರು. ಗ್ರಂಥಾಲಯದ ಹಳೆಯ ಪುಸ್ತಕಗಳ ಹಿಂಬದಿಯಲ್ಲಿ ಹುಡುಕಲು ಮಕ್ಕಳಿಗೆ ಹೇಳಿ. ನಮ್ಮ ಆಧಾರ್‌ನ 12ನೇ ಅಂಕಿಯೂ ಇಂಥ ಕಾವಲುಗಾರನೇ. ಅದರ ವಿಧಾನ ಬೇರೆ, ಡಚ್ ಗಣಿತಜ್ಞ ವರ್ಹೂಫ್ 1969ರಲ್ಲಿ ಕೊಟ್ಟದ್ದು. ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅದಲು ಬದಲಾದರೂ ಅದು ಹಿಡಿಯುತ್ತದೆ. ಒಂದು ಅಂಕಿ ತಪ್ಪಿಗೆ ಒಂದು ಮಗುವಿನ ಹಣ ನಿಂತುಹೋಗುವ ಕಾಲದಲ್ಲಿ ಇದು ಬರೀ ಮೋಜಿನ ಗಣಿತವಲ್ಲ.

ಒಂದೇ ಏಟಿಗೆ 7, 11, 13

7 × 11 × 13 = 1001. ಸಾವಿರ ಎಂದರೆ 1001 − 1. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ, ಒಂದನ್ನು ಕೂಡಿ, ಮುಂದಿನದನ್ನು ಕಳೆಯುತ್ತಾ ಹೋದರೆ ಮೂರಕ್ಕೂ ಒಟ್ಟಿಗೆ ಪರೀಕ್ಷೆಯಾಗುತ್ತದೆ.

ಮೊದಲ ಸಂಖ್ಯೆ: 870 − 774 + 369 − 686 + 7 = −214
ಎರಡನೆಯದು: 779 − 745 + 99 − 465 + 2 = −330
ಗುಣಲಬ್ಧ: 70,620. ಇದರಿಂದ 1001ರ 70 ಪಟ್ಟು ಕಳೆದರೆ 550.

ಈಗ ಉತ್ತರ: 730 − 773 + 462 − 426 + 995 − 177 + 668 − 947 + 18 = 550

ಅದೇ ಸಂಖ್ಯೆ! ತರಗತಿಯಲ್ಲಿ ಈ ಕೂಡುವ ಕಳೆಯುವ ಲೆಕ್ಕವನ್ನು ಮಕ್ಕಳೇ ಮಾಡಲಿ. ನೀವು ಮೊದಲೇ ಹೇಳಬೇಡಿ. 550 ಎಂದು ಅವರ ಕೈಯಲ್ಲೇ ಬಂದಾಗ ಸಿಗುವ ಸಂತೋಷ ಬೇರೆ.

9 ಮತ್ತು 1001 ಎರಡೂ ಪರೀಕ್ಷೆಗಳನ್ನು ಕುರುಡಾಗಿ ಬರೆದ ಉತ್ತರವೊಂದು ಪಾಸಾಗುವ ಸಾಧ್ಯತೆ 9,009ರಲ್ಲಿ ಒಂದು. ಇದರ ಜೊತೆ ಎರಡು ತುದಿಗಳನ್ನೂ ನೋಡಿ: 7.686 × 2.465 ಸುಮಾರು 18.95, ಮುಂದಿನ ತುದಿ ಸರಿ. 870 × 779 = 677,730, ಕೊನೆಯ ಮೂರು ಅಂಕಿ 730, ಹಿಂದಿನ ತುದಿಯೂ ಸರಿ.

ಇಲ್ಲೊಂದು ಮಾತನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಬೇಕು. ಪರೀಕ್ಷೆಯಲ್ಲಿ ಫೇಲಾದರೆ ಉತ್ತರ ಖಂಡಿತ ತಪ್ಪು. ಪಾಸಾದರೆ ಖಂಡಿತ ಸರಿ ಎನ್ನುವಂತಿಲ್ಲ, ನಂಬಿಕೆ ಹೆಚ್ಚಾಗುತ್ತದೆ ಅಷ್ಟೇ. ವಿಜ್ಞಾನದಲ್ಲಿ ಒಂದು ಸಿದ್ಧಾಂತವನ್ನು ನಾವು ಪರೀಕ್ಷಿಸುವುದೂ ಹೀಗೇ.

ಈ ಪರೀಕ್ಷೆಗಳಿಂದಲೇ ಸಂಖ್ಯೆಯ ಕೆಲವು ಅಪವರ್ತನಗಳು ಉಚಿತವಾಗಿ ಸಿಕ್ಕವು. ಕೊನೆಯಲ್ಲಿ ಸೊನ್ನೆ ಇರುವುದರಿಂದ 2 ಮತ್ತು 5. ಅಂಕಿಗಳ ಮೊತ್ತ 138 ಆದ್ದರಿಂದ 3 ಹೌದು, 9 ಅಲ್ಲ. ಕೊನೆಯ ಎರಡು ಅಂಕಿ 30 ಆದ್ದರಿಂದ 4 ಅಲ್ಲ. 11 ಹೌದು. 550ನ್ನು 7ರಿಂದ, 13ರಿಂದ ಭಾಗಿಸಿದರೆ ಎರಡಕ್ಕೂ ಶೇಷ 4, ಆದ್ದರಿಂದ ಅವೆರಡೂ ಅಲ್ಲ. ಒಟ್ಟಿನಲ್ಲಿ 2 × 3 × 5 × 11 = 330 ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ.

ಇನ್ನೂ ದೊಡ್ಡದು, ಆದರೆ ಇನ್ನೂ ಕಷ್ಟವೇ?

1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿರುವ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶಕುಂತಲಾದೇವಿಯವರು 201 ಅಂಕಿಯ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಉತ್ತರ 546,372,891. ಕೇಳಿದ ಕೂಡಲೇ ಇದು ಗುಣಾಕಾರಕ್ಕಿಂತ ನೂರು ಪಟ್ಟು ಕಷ್ಟ ಅನ್ನಿಸುತ್ತದೆ. ನಿಜವಾಗಿ ಹಾಗಿಲ್ಲ, ನೋಡಿ.

ಉತ್ತರದಲ್ಲಿ ಎಷ್ಟು ಅಂಕಿ? 10⁸ರ 23ನೇ ಘಾತ ಎಂದರೆ 10¹⁸⁴, ಅದಕ್ಕೆ 185 ಅಂಕಿ. 10⁹ರದ್ದು 10²⁰⁷, ಅದಕ್ಕೆ 208 ಅಂಕಿ. 201 ಇವೆರಡರ ನಡುವೆ ಇದೆ. ಆದ್ದರಿಂದ ಮೂಲಕ್ಕೆ ಒಂಬತ್ತೇ ಅಂಕಿ.

ಕೊನೆಯ ಅಂಕಿ ಯಾವುದು? ಘಾತಗಳ ಬಿಡಿ ಸ್ಥಾನ ಪ್ರತಿ ನಾಲ್ಕಕ್ಕೊಮ್ಮೆ ಮರುಕಳಿಸುತ್ತದೆ (2, 4, 8, 6, ಮತ್ತೆ 2). 23 ಎಂದರೆ ನಾಲ್ಕರ ಐದು ಸುತ್ತು ಮುಗಿದು ಮೂರು. ಹಾಗಾಗಿ 23ನೇ ಘಾತದ ಬಿಡಿ ಸ್ಥಾನ ಘನದ ಬಿಡಿ ಸ್ಥಾನವೇ. ಘನದಲ್ಲಿ 2 ಮತ್ತು 8 ಜಾಗ ಬದಲಿಸಿಕೊಳ್ಳುತ್ತವೆ, 3 ಮತ್ತು 7 ಬದಲಿಸಿಕೊಳ್ಳುತ್ತವೆ, ಉಳಿದವು ಇದ್ದಲ್ಲೇ ಇರುತ್ತವೆ. ಆ 201 ಅಂಕಿಯ ಸಂಖ್ಯೆ ಕೊನೆಯಾಗುವುದು 1ರಲ್ಲಿ, ಆದ್ದರಿಂದ ಮೂಲದ ಕೊನೆಯೂ 1.

ಮೊದಲ ಅಂಕಿಗಳು? ಸಂಖ್ಯೆ 9167 ಎಂದು ಶುರುವಾಗುತ್ತದೆ. ಲಾಗ್ ಪುಸ್ತಕದಲ್ಲಿ 9.167ರ ಲಾಗ್ 0.9622. ಒಟ್ಟು ಲಾಗ್ 200.9622, ಅದನ್ನು 23ರಿಂದ ಭಾಗಿಸಿದರೆ 8.7375. ಪ್ರತಿಲಾಗ್ ನೋಡಿದರೆ ಸುಮಾರು 54.64 ಕೋಟಿ. ನಿಜವಾದ ಉತ್ತರ 54 ಕೋಟಿ 63 ಲಕ್ಷ 72 ಸಾವಿರದ 891. 23ರಿಂದ ಭಾಗಿಸುವಾಗ ಲಾಗ್‌ನ ತಪ್ಪೂ 23ರಿಂದ ಭಾಗವಾಗಿ ಸಣ್ಣದಾಗುತ್ತದೆ. ಅದೇ ಸಂಖ್ಯೆಗೆ ಘನಮೂಲ ಕೇಳಿದ್ದರೆ ಉತ್ತರಕ್ಕೆ 67 ಅಂಕಿ ಬೇಕಿತ್ತು. ಹೀಗಾಗಿ ಮೂಲದ ಕ್ರಮ ದೊಡ್ಡದಾದಷ್ಟೂ ಉತ್ತರ ಚಿಕ್ಕದು.

ಈ 546372891ರ ಒಂದು ಸೊಗಸು ನಿಮ್ಮ ಕಣ್ಣಿಗೆ ಬಿತ್ತೇ? 1ರಿಂದ 9ರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಬಂದಿವೆ! ಮೊತ್ತ 45, ಆದ್ದರಿಂದ 9ರಿಂದ ಭಾಗವಾಗುತ್ತದೆ. ಇನ್ನೂ ಮುಂದೆ ಹೋಗಿ 27ರಿಂದಲೂ ಭಾಗವಾಗುತ್ತದೆ: 27 × 20,236,033. ಅಂದ ಮೇಲೆ ಆ 201 ಅಂಕಿಯ ದೈತ್ಯನೊಳಗೆ 3 ಎಂಬ ಅಪವರ್ತನ 69 ಸಲ ಅಡಗಿದೆ.

1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮನೋವಿಜ್ಞಾನಿ ಆರ್ಥರ್ ಜೆನ್ಸೆನ್ ಅವರು ಕೊಟ್ಟ ಲೆಕ್ಕಗಳಲ್ಲಿ ಒಂದು 170,859,375ರ ಏಳನೇ ಮೂಲ. ಇದನ್ನು ನೀವೂ ಬಾಯಲ್ಲೇ ಮಾಡಬಹುದು. 10ರ ಏಳನೇ ಘಾತ 1 ಕೋಟಿ, 20ರದ್ದು 128 ಕೋಟಿ. ನಮ್ಮದು 17 ಕೋಟಿ. ಕೊನೆಯಲ್ಲಿ 5 ಇದ್ದರೆ ಮೂಲದ ಕೊನೆಯೂ 5. ಹತ್ತು ಮತ್ತು ಇಪ್ಪತ್ತರ ನಡುವೆ 5ರಲ್ಲಿ ಮುಗಿಯುವುದು 15 ಒಂದೇ!

ಇದರಿಂದ ಅವರ ಸಾಧನೆ ಕಡಿಮೆಯಾಗುವುದಿಲ್ಲ. ಮೂಲಗಳೊಳಗೆ ಇಂಥ ದಾರಿಗಳಿವೆ ಎಂದು ಕಂಡುಕೊಂಡು, ಅವುಗಳ ಮೇಲೆ ಓಡಿದವರು ಅವರು. ಆದರೆ ಯಾದೃಚ್ಛಿಕವಾಗಿ ಆರಿಸಿದ ಎರಡು ಸಂಖ್ಯೆಗಳ ಗುಣಾಕಾರದಲ್ಲಿ ಅಂಥ ಅಡ್ಡದಾರಿ ಇಲ್ಲ. ಅಂಕಿಗೆ ಅಂಕಿ ಗುಣಿಸಿದರೆ 13 × 13 = 169 ಗುಣಾಕಾರ, ಮೇಲೆ ಕೂಡಿಸುವುದು ಬೇರೆ. ನನ್ನ ಮಟ್ಟಿಗೆ 50 ಸೆಕೆಂಡಿನ 201 ಅಂಕಿಗಿಂತ 28 ಸೆಕೆಂಡಿನ 26 ಅಂಕಿಯೇ ದೊಡ್ಡದು.

ಅದೇ 1977ರಲ್ಲಿ ಆರ್‌ಎಸ್‌ಎ ಎಂಬ ಗೂಢಲಿಪಿ ಕಂಡುಹಿಡಿದವರು 129 ಅಂಕಿಯ ಒಂದು ಸಂಖ್ಯೆಯನ್ನು ಪ್ರಕಟಿಸಿ, ಅದರ ಎರಡು ಅವಿಭಾಜ್ಯ ಅಪವರ್ತನಗಳನ್ನು ಹುಡುಕಿ ಎಂದು ಸವಾಲು ಹಾಕಿದರು. ಸುಮಾರು 600 ಮಂದಿ ತಮ್ಮ ಕಂಪ್ಯೂಟರುಗಳನ್ನು ಒಗ್ಗೂಡಿಸಿ ಅದನ್ನು ಬಿಡಿಸಿದ್ದು 1994ರಲ್ಲಿ. 201 ಅಂಕಿಗೆ 50 ಸೆಕೆಂಡು, 129 ಅಂಕಿಗೆ 17 ವರ್ಷ! ಲೆಕ್ಕದ ಕಷ್ಟ ಸಂಖ್ಯೆಯ ಉದ್ದದಲ್ಲಿಲ್ಲ, ನಾವು ಅದಕ್ಕೆ ಕೇಳುವ ಪ್ರಶ್ನೆಯಲ್ಲಿದೆ.

ತರಗತಿಗೆ ಮೂರು ಕೆಲಸ

ಒಂದು: ಮಹಾವೀರಾಚಾರ್ಯರಿಗೆ ಹಾರದಂತೆ ಕಾಣುವ ಗುಣಲಬ್ಧಗಳೆಂದರೆ ಇಷ್ಟ. ಅವರು ಕೊಟ್ಟ 152207 × 73 ಮಾಡಿಸಿ. ಎಂಟು ಒಂದುಗಳ ಸರ ಬರುತ್ತದೆ. ಆಮೇಲೆ 9 ಮತ್ತು 11ರ ಪರೀಕ್ಷೆ ಹಾಕಿಸಿ.

ಎರಡು: ಮಗು ಎರಡಂಕಿಯ ಸಂಖ್ಯೆಯೊಂದರ ಐದನೇ ಘಾತವನ್ನು ಕ್ಯಾಲ್ಕುಲೇಟರಿನಲ್ಲಿ ಮಾಡಿ ಹೇಳಲಿ, ಇನ್ನೊಬ್ಬರು ಮೂಲ ಹೇಳಲಿ. ಐದನೇ ಘಾತದಲ್ಲಿ ಬಿಡಿ ಸ್ಥಾನ ಬದಲಾಗುವುದೇ ಇಲ್ಲ. 64,36,343 ಎಂದರೆ? 20ರದ್ದು 32 ಲಕ್ಷ, 30ರದ್ದು 243 ಲಕ್ಷ, ಕೊನೆಯಲ್ಲಿ 3. ಉತ್ತರ 23.

ಮೂರು: ಇದು ಇಡೀ ತರಗತಿಯ ಕೆಲಸ. 13 ಅಂಕಿಯ ಎರಡೂ ಸಂಖ್ಯೆಗಳನ್ನು ಮೂರು ಮೂರರ ಐದು ಗುಂಪು ಮಾಡಿ. ಐದು ಗುಂಪಿಗೆ ಐದು ಗುಂಪು, ಒಟ್ಟು 25 ಗುಣಾಕಾರ. 25 ಮಕ್ಕಳಿಗೆ ಒಂದೊಂದು ಹಂಚಿ. ಬಲದಿಂದ ಶುರು ಮಾಡಿ:

870 × 779 = 677,730. 730 ಬರೆಯಿರಿ, ದಶಕ 677.
774 × 779 ಮತ್ತು 870 × 745 ಕೂಡಿ, ದಶಕ ಸೇರಿಸಿ: 602,946 + 648,150 + 677 = 1,251,773. 773 ಬರೆಯಿರಿ, ದಶಕ 1,251.
369 × 779, 774 × 745, 870 × 99 ಕೂಡಿ, ದಶಕ ಸೇರಿಸಿ: 287,451 + 576,630 + 86,130 + 1,251 = 951,462. 462 ಬರೆಯಿರಿ, ದಶಕ 951.

ಹಲಗೆಯ ಮೇಲೆ ಈಗಾಗಲೇ 462,773,730 ಮೂಡಿದೆ. ಉಳಿದ ಆರು ಗುಂಪುಗಳನ್ನು ನಿಮ್ಮ ಮಕ್ಕಳಿಗೆ ಬಿಡುತ್ತೇನೆ. ಒಂದೆರಡು ಪಿರಿಯಡ್ ಹಿಡಿಯಬಹುದು. ಯಾರದಾದರೂ ಗುಣಾಕಾರ ತಪ್ಪಿದರೆ ಬೈಯಬೇಡಿ. ಒಂಬತ್ತು, ಹನ್ನೊಂದರ ಪರೀಕ್ಷೆ ಹಾಕಿ ಅದು ಯಾರ ಸಾಲಿನಲ್ಲಿದೆ ಎಂದು ಅವರೇ ಹುಡುಕಲಿ.